ಥೇಮ್ಸ್‌ನ ಆಳ ನೀರಿನಲ್ಲಿ ಗಾಳ: ಲೈಸೆನ್ಸ್‌ನಿಂದ ಹಿಡಿದು ಮೀನನ್ನು ಮತ್ತೆ ನೀರಿಗೆ ಬಿಡುವವರೆಗೆ

ಲಂಡನ್‌ಗೆ ಬಂದ ಕನ್ನಡಿಗರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪ್ರತಿಮೆ ನೋಡಲು ಹೋಗೇ ಹೋಗುತ್ತಾರೆ. ಅಲ್ಲಿ ಪಕ್ಕದಲ್ಲೇ ಹರಿಯುವ ಥೇಮ್ಸ್ ಸಮುದ್ರದ ಉಬ್ಬರ ಇಳಿತಕ್ಕೆ ಸಿಕ್ಕಿದ ನದಿ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅದೇ ನದಿಯ ಜಾಡು ಹಿಡಿದು ಮೇಲಕ್ಕೆ, ಟೆಡಿಂಗ್ಟನ್ ಲಾಕ್ (ದೋಣಿಗಳನ್ನು ಏರಿಸಿ ಇಳಿಸುವ ಗೇಟಿನ ಕಟ್ಟೆ) ದಾಟಿ ಹೋದರೆ ನೀರಿನ ಸ್ವಭಾವವೇ ಬೇರೆ. ಟೆಡಿಂಗ್ಟನ್ ಸೇರಿ ಅಲ್ಲಿಂದ ಮೇಲೆ 44 ಲಾಕ್‌ಗಳೂ ಅವುಗಳ ಪಕ್ಕದ ಒಡ್ಡುಗಳೂ ನದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ನಿಲ್ಲಿಸಿವೆ. ಕಿಂಗ್‌ಸ್ಟನ್, ಹ್ಯಾಂಪ್ಟನ್ ಕೋರ್ಟ್, ವಾಲ್ಟನ್, ಸ್ಟೇನ್ಸ್, ವಿಂಡ್ಸರ್, ಮಾರ್ಲೋ, ಹೆನ್ಲಿ, ರೆಡಿಂಗ್ — ಈ ಊರುಗಳ ನಡುವೆ ಬೇಸಿಗೆಯಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಅನ್ನಿಸುವಷ್ಟು ನಿಧಾನ. ಆಳ ಮಾತ್ರ ಜಾಸ್ತಿ. ದಡದಿಂದ ನಾಲ್ಕು ಹೆಜ್ಜೆಯಷ್ಟು ದೂರದಲ್ಲೇ ಆಳುದ್ದ ನೀರು ಇರುವ ಜಾಗಗಳು ಬೇಕಾದಷ್ಟಿವೆ.

ಈ ನೀರಿನಲ್ಲಿ ಸಾಲ್ಮನ್, ಟ್ರೌಟ್ ಬಿಟ್ಟು ಉಳಿದ ಸಿಹಿನೀರು ಮೀನುಗಳನ್ನು ಗಾಳದಲ್ಲಿ ಹಿಡಿದು, ಜೀವಂತವಾಗಿ ವಾಪಸ್ ಬಿಡುವ ಹವ್ಯಾಸಕ್ಕೆ ಇಂಗ್ಲೆಂಡ್‌ನಲ್ಲಿ ಕೋರ್ಸ್ ಫಿಶಿಂಗ್ ಅನ್ನುತ್ತಾರೆ. ಸ್ಲೌ, ರೆಡಿಂಗ್, ಹೌನ್ಸ್ಲೋ ಕಡೆ ಮನೆ ಮಾಡಿಕೊಂಡವರಿಗೆ ಇದು ಕೈಗೆಟುಕುವ ದೂರದಲ್ಲೇ ಇದೆ. ಆದರೂ ಒಂದೆರಡು ಸಲ ಹೋಗಿ, ಮೀನೇ ಸಿಗದೆ ಬಿಟ್ಟವರು ಬಹಳ ಜನ. ನಾನು ಗಮನಿಸಿದ ಮಟ್ಟಿಗೆ ಕಾರಣಗಳು ಎರಡೇ. ಆಳ ಅಳೆಯದೆ ಗಾಳ ಹಾಕಿರುತ್ತಾರೆ. ಇಲ್ಲವೇ ಮೇವು ಒಂದು ಕಡೆ ಬಿದ್ದಿರುತ್ತದೆ, ಗಾಳ ಇನ್ನೊಂದು ಕಡೆ ಇರುತ್ತದೆ. ದುಬಾರಿ ರಾಡ್ ತಂದರೂ ಇವೆರಡು ಸರಿಹೋಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಆಳ ಮತ್ತು ಮೇವಿನ ಬಗ್ಗೆ ಉದ್ದಕ್ಕೆ ಹೇಳುತ್ತೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಮೊದಲು ಕಾಗದ ಪತ್ರ

13 ವರ್ಷ ತುಂಬಿದ ಯಾರೇ ಆಗಲಿ, ಇಂಗ್ಲೆಂಡ್‌ನ ಸಿಹಿನೀರಿನಲ್ಲಿ ಗಾಳ ಹಾಕಲು ರಾಡ್ ಲೈಸೆನ್ಸ್ ಬೇಕು. ಸರ್ಕಾರದ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಒಂದು ದಿನಕ್ಕೆ, ಎಂಟು ದಿನಕ್ಕೆ, ವರ್ಷಕ್ಕೆ ಹೀಗೆ ಬೇರೆ ಬೇರೆ ಇವೆ. 13ರಿಂದ 16 ವರ್ಷದ ಮಕ್ಕಳಿಗೆ ಪುಕ್ಕಟೆ, ಆದರೆ ಅವರ ಹೆಸರಲ್ಲಿ ಮಾಡಿಸಲೇಬೇಕು. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ ಬೀಳಬಹುದು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲಿ ಬೇಕಾದರೂ ಕೂರಬಹುದು ಅಂತಲ್ಲ. ದಡದ ಹಕ್ಕು ಯಾರದ್ದೋ ಇರುತ್ತದೆ. ಕೆಲವು ಕಡೆ ಸ್ಥಳೀಯ ಕ್ಲಬ್ಬಿನದು, ಕೆಲವು ಕಡೆ ಊರಿನ ಕೌನ್ಸಿಲ್‌ನದು. ಕೆಲವು ಲಾಕ್ ಮತ್ತು ಒಡ್ಡುಗಳ ಹತ್ತಿರ ಕೂರಲು ನದಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್ವಿರಾನ್‌ಮೆಂಟ್ ಏಜೆನ್ಸಿಯೇ ಬೇರೆ ಪರ್ಮಿಟ್ ಕೊಡುತ್ತದೆ. ಹತ್ತಿರದ ಟ್ಯಾಕಲ್ (ಗಾಳದ ಸಾಮಾನಿನ) ಅಂಗಡಿಗೆ ಹೋಗಿ ಕೇಳಿ. ಗಾಳಕ್ಕೆ ಸಿಕ್ಕಿಸುವ ಹುಳು, ಅಂದರೆ ನೊಣದ ಬಿಳಿ ಮರಿಹುಳು (ಮ್ಯಾಗಟ್) ಕೊಳ್ಳಲು ಹೇಗೂ ಅಲ್ಲಿಗೆ ಹೋಗಬೇಕು. ಯಾವ ದಡ ಯಾರದು, ಈ ವಾರ ಏನು ಸಿಗುತ್ತಿದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಕೋರ್ಸ್ ಫಿಶಿಂಗ್ ಬಂದ್. ಮೀನು ಮೊಟ್ಟೆಯಿಡುವ ಕಾಲ ಅಂತ 1878ರ ಕಾನೂನಿನಿಂದ ಬಂದ ಪದ್ಧತಿ ಇದು. ಜೂನ್ 16 ಇಲ್ಲಿನ ಗಾಳದವರಿಗೆ ಹಬ್ಬ. ಮಧ್ಯರಾತ್ರಿಗೇ ದಡ ಹಿಡಿದು ಕಾಯುವವರಿದ್ದಾರೆ.

ಇನ್ನೂ ಎರಡು ನಿಯಮ ನೆನಪಿಡಿ. 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳನ್ನು 1987ರಿಂದ ನಿಷೇಧಿಸಿದ್ದಾರೆ, ಯಾಕೆಂದರೆ ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದವು. ಊರಿಂದ ತಂದ ಸೀಸ ಇದ್ದರೆ ಮನೆಯಲ್ಲೇ ಬಿಡಿ. ಎರಡನೆಯದು, ನೀರಿನಲ್ಲಿ ಗಾಳ ಇರುವಾಗ ರಾಡ್ ಬಿಟ್ಟು ಅಡ್ಡಾಡಲು ಹೋಗುವಂತಿಲ್ಲ.

ಇಲ್ಲಿ ಯಾವ ಮೀನು ಎಲ್ಲಿರುತ್ತದೆ

ರೋಚ್ ಈ ನದಿಯ ಮುಖ್ಯ ಮೀನು. ಬೆಳ್ಳಿ ಮೈ, ಕೆಂಪು ಕಣ್ಣು, ಕೆಂಪು ಛಾಯೆಯ ರೆಕ್ಕೆ. ಹೆಚ್ಚಿನವು ಅಂಗೈಯಷ್ಟು, ಒಂದು ಕಿಲೋ ಮುಟ್ಟಿದ ರೋಚ್ ಸಿಕ್ಕರೆ ಜೀವಮಾನಕ್ಕೊಂದು ಅನ್ನುತ್ತಾರೆ. ಬ್ರೀಮ್ ಅಗಲ ಮೈಯ, ಕಂಚಿನ ಬಣ್ಣದ, ಲೋಳೆ ಜಾಸ್ತಿ ಇರುವ ಮೀನು. ಹಿಂಡಾಗಿ ತಳದಲ್ಲಿ ಓಡಾಡುತ್ತದೆ. ಒಂದು ಸಿಕ್ಕಿತು ಅಂದರೆ ಇನ್ನೂ ಹತ್ತು ಅಲ್ಲೇ ಇರಬಹುದು. ಬ್ಲೀಕ್ ಬೆರಳುದ್ದದ ಮೀನು, ನೀರಿನ ಮೇಲ್ಪದರದಲ್ಲೇ ಇದ್ದು ಇಳಿಯುವ ಹುಳುವನ್ನೆಲ್ಲ ದಾರಿಯಲ್ಲೇ ಕಸಿಯುತ್ತದೆ. ಗಡ್ಜನ್ ತಳದ ಪುಟ್ಟ ಮೀನು. ಪರ್ಚ್‌ಗೆ ಮೈಮೇಲೆ ಪಟ್ಟೆ, ಬೆನ್ನ ಮೇಲೆ ಮುಳ್ಳು. ದೋಣಿ ಕಟ್ಟಿದ ಕಡೆ, ಸೇತುವೆ ಕಂಬದ ಬುಡದಲ್ಲಿ ಹೊಂಚು ಹಾಕಿರುತ್ತದೆ. ಚಬ್ ಮೀನಿಗೆ ಬಾಗಿದ ಮರದ ನೆರಳು ಬೇಕು. ಬಾರ್ಬೆಲ್ ಹರಿವು ಚುರುಕಾಗಿರುವ ಕಡೆ ಇರುತ್ತದೆ. ಕಾವೇರಿಯ ಮಹಶೀರ್ ಸೇರುವ ಕುಟುಂಬಕ್ಕೇ ಇದೂ ಸೇರಿದ್ದು, ಬಾಯಿಯ ಮೀಸೆ ನೋಡಿದರೆ ನೆಂಟಸ್ತಿಕೆ ಗೊತ್ತಾಗುತ್ತದೆ. ಇವೆಲ್ಲವನ್ನೂ ತಿನ್ನುವ ಪೈಕ್ ಕೂಡ ಇದೆ, ಅದರ ಮಾತು ಕೊನೆಯಲ್ಲಿ.

ಮೊದಲ ವರ್ಷ ರೋಚ್ ಮತ್ತು ಬ್ರೀಮ್, ಇವೆರಡನ್ನೇ ಗುರಿ ಇಟ್ಟುಕೊಳ್ಳಿ. ಇವನ್ನು ಹಿಡಿಯಲು ಕಲಿತರೆ ಉಳಿದವು ತಾವಾಗಿ ಗಾಳಕ್ಕೆ ಬರುತ್ತವೆ.

ಜಾಗ ಆರಿಸುವುದು

ನಿಧಾನ ನೀರು ಮೇಲಿಂದ ನೋಡಿದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಆದರೂ ಸುಳಿವುಗಳಿವೆ. ತೇಲುವ ಎಲೆಯನ್ನೋ ಬೆಂಡನ್ನೋ ಗಮನಿಸಿ. ಅದು ಒಂದೇ ವೇಗದಲ್ಲಿ, ನೇರವಾಗಿ, ಹತ್ತು ಹದಿನೈದು ಮೀಟರ್ ಹೋಗುವ ಜಾಗ ಒಳ್ಳೆಯದು. ಸುಳಿ ತಿರುಗುವ, ನಿಂತು ಹೊರಡುವ ಜಾಗದಲ್ಲಿ ಕೆಳಗಿನ ನೀರು ಇನ್ನೂ ಗಜಿಬಿಜಿಯಾಗಿರುತ್ತದೆ. ನದಿ ತಿರುಗುವಲ್ಲಿ ಹೊರಬದಿ ಆಳ, ಒಳಬದಿ ಮರಳು ಕೂತು ಆಳ ಕಡಿಮೆ. ಬೇಸಿಗೆಯ ಮುಂಜಾನೆ ಮೀನು ಒಳಬದಿಗೂ ಬರುತ್ತದೆ. ಚಳಿಗಾಲದಲ್ಲಿ ಹೊರಬದಿಯ ಆಳವನ್ನೇ ನಂಬಿ.

ಮುಂಜಾನೆ ನೀರಿನ ಮೇಲೆ ಮೀನು ಮಗುಚುವುದನ್ನು ನೋಡಿ. ಬ್ರೀಮ್ ಬೆನ್ನು ತೋರಿಸಿ ಸಾವಕಾಶವಾಗಿ ಮಗುಚುತ್ತದೆ. ತಳದಿಂದ ಸಣ್ಣ ಗುಳ್ಳೆಗಳ ಗೊಂಚಲು ಏಳುತ್ತಿದ್ದರೆ ಅಲ್ಲಿ ಕೆಸರು ಕೆದಕುವ ಮೀನಿದೆ ಅಂತ ಅರ್ಥ.

ಬೇಸಿಗೆಯಲ್ಲಿ ದೋಣಿಗಳ ಕಾಟ ನಿಜ. ಬೆಳಗ್ಗೆ ಐದಕ್ಕೆ ಕೂತು ಹತ್ತಕ್ಕೆ ಏಳಿ, ಇಲ್ಲವೇ ಸಂಜೆ ಬನ್ನಿ. ದೋಣಿ ಬಂದಾಗ ಲೈನ್ ಎತ್ತಿಕೊಳ್ಳಿ, ಹೋದ ಮೇಲೆ ಮತ್ತೆ ಅದೇ ಜಾಗಕ್ಕೆ ಹಾಕಿ. ದೋಣಿ ತಳದ ಕೆಸರನ್ನು ಕಲಕಿ ಹೋದ ಮರುಕ್ಷಣವೇ ಮೀನು ಕಚ್ಚುವುದುಂಟು, ಆದ್ದರಿಂದ ಬೇಜಾರು ಮಾಡಿಕೊಂಡು ಚಹಾ ಕುಡಿಯುತ್ತಾ ಕೂರಬೇಡಿ. ಲಾಕ್‌ಗೆ ಹತ್ತಿರ ಕೂತರೆ ಗೇಟು ತೆರೆದಾಗಲೆಲ್ಲ ನೀರಿನ ಓಟ ಬದಲಾಗುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಾಮಾನು

ಶುರುವಿಗೆ ಇಷ್ಟು ಸಾಕು: 13 ಅಡಿಯ ಫ್ಲೋಟ್ ರಾಡ್, ಅದಕ್ಕೊಂದು ಸಣ್ಣ ರೀಲ್, 3ರಿಂದ 4 ಪೌಂಡ್ ತಡೆಯುವ ಲೈನ್, ಗಾಳಕ್ಕೆ ಕಟ್ಟಲು 2ರಿಂದ 3 ಪೌಂಡಿನ ತೆಳು ಲೈನ್, ಮುಳ್ಳಿಲ್ಲದ 16, 18ನೇ ನಂಬರಿನ ಗಾಳಗಳು, ನಾಲ್ಕೈದು ಬೆಂಡು (ಲೈನಿನಲ್ಲಿ ತೇಲಿ ಕಚ್ಚು ತೋರಿಸುವ ಫ್ಲೋಟ್), ಸೀಸವಲ್ಲದ ಶಾಟ್‌ಗಳ (ಲೈನಿಗೆ ಹಿಸುಕಿ ಕೂರಿಸುವ ಪುಟ್ಟ ತೂಕದ ಗುಂಡುಗಳ) ಡಬ್ಬಿ, ಆಳ ಅಳೆಯುವ ತೂಕದ ಗುಂಡು, ಗಾಳ ಬಿಡಿಸುವ ಡಿಸ್ಗಾರ್ಜರ್, ಹುಳು ಚಿಮ್ಮಲು ಕವಣೆ. ಕೈಬಲೆಯ ಹಿಡಿ ಕಡಿಮೆ ಅಂದರೂ ಎರಡೂವರೆ ಮೀಟರ್ ಇರಲಿ, ಥೇಮ್ಸ್‌ನ ದಡ ಎತ್ತರ. ರಾಡ್‌ಗೆ ಉಳಿಸಿದ ದುಡ್ಡನ್ನು ಒಳ್ಳೆ ಕೈಬಲೆಗೂ ಕೂರುವ ಸ್ಟೂಲಿಗೂ ಹಾಕಿ. ಐದು ಗಂಟೆ ನೆಮ್ಮದಿಯಾಗಿ ಕೂರಲು ಆಗದವರಿಗೆ ಮೇವನ್ನು ಲಯವಾಗಿ ಹಾಕಲು ಆಗುವುದಿಲ್ಲ.

ಆಳ ಅಳೆಯುವುದು

ಇದಕ್ಕೆ ಕಾಲು ಗಂಟೆ ಕೊಡಿ. ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ.

ಅಳತೆ ಗುಂಡಿನ ಬುಡದಲ್ಲಿ ಕಾರ್ಕ್ ಇರುತ್ತದೆ. ಲೈನನ್ನು ಗುಂಡಿನ ಮೇಲಿನ ಬಳೆಯಲ್ಲಿ ತೂರಿಸಿ, ಗಾಳವನ್ನು ಕಾರ್ಕ್‌ಗೆ ಚುಚ್ಚಿ. ಬೆಂಡನ್ನು ಅಂದಾಜಿಗೆ ಎಂಟು ಅಡಿಯಲ್ಲಿ ನಿಲ್ಲಿಸಿ, ಗಾಳ ಹಾಕಬೇಕು ಅಂದುಕೊಂಡ ಜಾಗಕ್ಕೆ ಮೆಲ್ಲಗೆ ಇಳಿಸಿ. ಬೆಂಡು ಪೂರ್ತಿ ಮುಳುಗಿ ಕಾಣದಾದರೆ ಲೈನ್ ಸಾಲದು, ಬೆಂಡನ್ನು ಮೇಲಕ್ಕೆ ಸರಿಸಿ. ಬೆಂಡು ಮಲಗಿದರೆ, ಅಥವಾ ಉದ್ದಕ್ಕೆ ಹೊರಗೆ ನಿಂತರೆ ಲೈನ್ ಜಾಸ್ತಿಯಾಯಿತು, ಕೆಳಕ್ಕೆ ಸರಿಸಿ. ಬಣ್ಣದ ತುದಿ ಮಾತ್ರ ನೀರ ಮೇಲೆ ಕಂಡರೆ ಅದೇ ಸರಿಯಾದ ಆಳ.

ಅಲ್ಲಿಗೆ ನಿಲ್ಲಿಸಬೇಡಿ. ಅದೇ ಅಳತೆಯಲ್ಲಿ ಎರಡು ಮೀಟರ್ ಮೇಲೆ, ಎರಡು ಮೀಟರ್ ಕೆಳಗೆ, ಒಂದು ಮೀಟರ್ ಮುಂದೆ, ಒಂದು ಮೀಟರ್ ಹಿಂದೆ ಇಳಿಸಿ ನೋಡಿ. ಥೇಮ್ಸ್‌ನಲ್ಲಿ ಬಹಳ ಕಡೆ ದಡದ ಹತ್ತಿರ ಒಂದು ಜಗಲಿ ಇರುತ್ತದೆ, ಆಮೇಲೆ ಇಳಿಜಾರು, ಆಮೇಲೆ ಸಮತಟ್ಟಾದ ತಳ. ಇಳಿಜಾರು ಮುಗಿದು ತಳ ಸಮವಾಗುವ ಆ ಬುಡ ಇದೆಯಲ್ಲ, ನಿಮ್ಮ ಜಾಗ ಅದು. ಹರಿದು ಬರುವ ತಿನಿಸೆಲ್ಲ ಅಲ್ಲೇ ಕೂರುತ್ತದೆ, ಮೀನು ಅಲ್ಲೇ ಮೇಯುತ್ತದೆ. ಇಳಿಜಾರಿನ ಮೇಲೆ ಉಂಡೆ ಹಾಕಿದರೆ ಅದು ಉರುಳಿ ಎಲ್ಲೋ ಹೋಗುತ್ತದೆ, ಹಿಂದೆಯೇ ಮೀನೂ ಹೋಗುತ್ತದೆ.

ಗುಂಡು ತಳಕ್ಕೆ ತಾಗುವ ಬಗೆಯನ್ನೂ ಕೈಯಲ್ಲಿ ಅನುಭವಿಸಿ. ಟಕ್ ಅಂದರೆ ಜಲ್ಲಿ. ಮೆತ್ತಗೆ ಕೂತು, ಎತ್ತುವಾಗ ಅಂಟಿಕೊಂಡರೆ ಕೆಸರು. ಕಾರ್ಕ್‌ಗೆ ಪಾಚಿ ಹತ್ತಿಕೊಂಡು ಬಂದರೆ ಬೇರೆ ಜಾಗ ನೋಡಿ. ಜಲ್ಲಿ ತಳಕ್ಕೆ ರೋಚ್, ಕೆಸರು ತಳಕ್ಕೆ ಬ್ರೀಮ್ ಅಂತ ಇಟ್ಟುಕೊಂಡರೆ ಬಹುಪಾಲು ತಪ್ಪಾಗುವುದಿಲ್ಲ.

ಅಳತೆ ಸಿಕ್ಕ ಮೇಲೆ ಗಾಳವನ್ನು ರಾಡಿನ ಹಿಡಿಯ ಹತ್ತಿರ ಸಿಕ್ಕಿಸಿ, ಬೆಂಡು ಎಲ್ಲಿ ಬರುತ್ತದೋ ಅಲ್ಲಿ ರಾಡ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ದಾರ ಹರಿದು ಹೊಸದು ಕಟ್ಟಿದರೂ ಅರ್ಧ ನಿಮಿಷದಲ್ಲಿ ಅದೇ ಆಳಕ್ಕೆ ಬರಬಹುದು. ಆಳ ರಾಡಿಗಿಂತ ಜಾಸ್ತಿ ಇದ್ದರೆ ಬೆಂಡನ್ನು ಕಟ್ಟಿ ನಿಲ್ಲಿಸಲು ಆಗುವುದಿಲ್ಲ. ಆಗ ಲೈನ್ ಮೇಲೆ ಜಾರುವ ಸ್ಲೈಡರ್ ಬೆಂಡು ಹಾಕಿ, ಮೇಲೆ ದಾರದ ಗಂಟೊಂದು ಕಟ್ಟಬೇಕು. ಗಂಟು ರಾಡಿನ ಬಳೆಗಳಲ್ಲಿ ತೂರಿಕೊಂಡು ಹೋಗುತ್ತದೆ, ಬೆಂಡು ಮಾತ್ರ ಗಂಟಿಗೆ ತಾಗಿ ನಿಲ್ಲುತ್ತದೆ. ಹೊಸಬರಾದರೆ ಈ ತಾಪತ್ರಯ ಬೇಡ, ಹತ್ತು ಅಡಿಯ ಒಳಗಿನ ಜಾಗ ಹುಡುಕಿಕೊಳ್ಳಿ.

ಶಾಟ್ ಜೋಡಿಸುವುದು

ಆಳ ನೀರಿಗೆ ಹಗುರ ಬೆಂಡು ತರುವುದು ಎಲ್ಲರೂ ಮಾಡುವ ತಪ್ಪು. ನೀರು ನಿಧಾನ ಇದೆಯಲ್ಲ, ಹಗುರ ಸಾಕು ಅನ್ನಿಸುತ್ತದೆ. ಆದರೆ ಹಗುರವಾದ ಗಾಳ ಹತ್ತು ಅಡಿ ಇಳಿಯುವಷ್ಟರಲ್ಲಿ ಬ್ಲೀಕ್ ಅದನ್ನು ನಾಲ್ಕು ಸಲ ಕಚ್ಚಿ ಎಳೆದಿರುತ್ತದೆ. 3 ಗ್ರಾಂ ಆಸುಪಾಸಿನ, ಮೇಲೂ ಕೆಳಗೂ ಲೈನಿಗೆ ಕೂರಿಸುವ ಬೆಂಡು ತಗೊಳ್ಳಿ. ತೂಕದ ಬಹುಪಾಲನ್ನು ಒಂದೇ ಕಡೆ ಗುಂಪಾಗಿ, ಗಾಳದಿಂದ 60ರಿಂದ 75 ಸೆಂಟಿಮೀಟರ್ ಮೇಲೆ ಹಿಸುಕಿ ಕೂರಿಸಿ. ಅದರ ಕೆಳಗೆ 8ನೇ ನಂಬರಿನ ಪುಟ್ಟ ಶಾಟ್ ಮೂರು, ಸಮ ಅಂತರದಲ್ಲಿ. ಗುಂಪು ಗಾಳವನ್ನು ಬ್ಲೀಕ್ ದಾಟಿಸಿ ಬೇಗ ಕೆಳಗೆ ಒಯ್ಯುತ್ತದೆ. ಕೊನೆಯ ಎರಡು ಅಡಿಯಲ್ಲಿ ಮಾತ್ರ ಹುಳು ಸಹಜವಾಗಿ, ಮೆಲ್ಲಗೆ ಬೀಳುತ್ತದೆ. ರೋಚ್ ಕಚ್ಚುವುದು ಹೆಚ್ಚಾಗಿ ಆ ಎರಡು ಅಡಿಯಲ್ಲೇ.

ಶಾಟ್ ಹಿಸುಕುವಾಗ ಲೈನ್ ಒದ್ದೆ ಮಾಡಿಕೊಳ್ಳಿ, ಹಲ್ಲಿನಲ್ಲಿ ಕಚ್ಚಬೇಡಿ. ಬಣ್ಣದ ತುದಿ ಕಾಲು ಇಂಚಿನಷ್ಟೇ ನೀರ ಮೇಲಿರುವ ಹಾಗೆ ತೂಕ ಸರಿಮಾಡಿ. ಗಾಳಿ ನೀರಿನ ಎದುರು ದಿಕ್ಕಿಗೆ ಬೀಸುತ್ತಿದ್ದರೆ ಈ ಬೆಂಡು ಚೆನ್ನಾಗಿ ನಡೆಯುತ್ತದೆ. ನೀರು ಹರಿಯುವ ದಿಕ್ಕಿಗೇ ಜೋರಾಗಿ ಬೀಸಿದರೆ ಲೈನ್ ಬಿಲ್ಲಾಗಿ ಬೆಂಡನ್ನು ಎಳೆದೊಯ್ಯುತ್ತದೆ. ಆಗ ಬುಡದಲ್ಲಿ ಮಾತ್ರ ಸಿಕ್ಕಿಸುವ ವ್ಯಾಗ್ಲರ್ ಬೆಂಡು ಹಾಕಿ, ಲೈನನ್ನು ನೀರೊಳಗೆ ಮುಳುಗಿಸಿ.

ಮೇವು

ಎರಡು ಥರ ಇದೆ. ಉಂಡೆ ಕಟ್ಟಿ ಹಾಕುವ ಗ್ರೌಂಡ್‌ಬೇಟ್ ಮತ್ತು ಬಿಡಿಬಿಡಿಯಾಗಿ ಚಿಮ್ಮುವ ಹುಳು, ಕಾಳು.

ಗ್ರೌಂಡ್‌ಬೇಟ್ ಅಂದರೆ ಮೂಲತಃ ಒಣ ಬ್ರೆಡ್ಡಿನ ಕಂದು ಪುಡಿ. ಒಂದು ಕಿಲೋ ಪುಡಿಯನ್ನು ಅಗಲ ಪಾತ್ರೆಗೆ ಸುರಿದು, ನದಿಯ ನೀರನ್ನೇ ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾ ಬೆರಳಲ್ಲಿ ಕೆದಕಿ. ನಾದಬಾರದು. ಹತ್ತು ಹದಿನೈದು ನಿಮಿಷ ಮುಚ್ಚಿಡಿ. ಪುಡಿ ನೀರು ಕುಡಿದು ಮತ್ತೆ ಒಣಗಿದ ಹಾಗೆ ಆಗಿರುತ್ತದೆ. ಇನ್ನೊಮ್ಮೆ ಚಿಮುಕಿಸಿ, ಜರಡಿಯಲ್ಲಿ ಉಜ್ಜಿ ಇಳಿಸಿ. ಗೊಜ್ಜವಲಕ್ಕಿಗೆ ನೆನೆಸಿಟ್ಟ ಅವಲಕ್ಕಿ ತರಿಯ ಹದಕ್ಕೆ ಬರಬೇಕು: ಹಿಡಿದರೆ ಉಂಡೆ, ಬೆರಳಲ್ಲಿ ಒತ್ತಿದರೆ ಪುಡಿ. ಬ್ರೀಮ್‌ಗೆ ಸಿಹಿ ಇಷ್ಟ. ಇಲ್ಲಿನವರು ಮೊಲಾಸಿಸ್ ಬೆರೆಸುತ್ತಾರೆ, ಬೆಲ್ಲ ಕರಗಿಸಿದ ನೀರೂ ಆ ಕೆಲಸ ಮಾಡುತ್ತದೆ.

ನೀರಿಗೆ ಸ್ವಲ್ಪ ಓಟ ಇದ್ದರೆ ಉಂಡೆಯನ್ನು ಗಟ್ಟಿಯಾಗಿ ಒತ್ತಿ, ಬೇಕಿದ್ದರೆ ಜಿಗುಟು ಮಣ್ಣು ಸೇರಿಸಿ. ಉಂಡೆ ತಳ ಮುಟ್ಟಿದ ಮೇಲೆ ಒಡೆಯಬೇಕೇ ಹೊರತು ದಾರಿಯಲ್ಲಿ ಅಲ್ಲ. ದಡದ ಅಂಚಿನಲ್ಲಿ ಒಂದು ಉಂಡೆ ಬಿಟ್ಟು ನೋಡಿದರೆ ಎಷ್ಟು ಹೊತ್ತಿಗೆ ಒಡೆಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಬೇಸಿಗೆಯಲ್ಲಿ ಬ್ರೀಮ್ ಗುರಿಯಾದರೆ ಶುರುವಿಗೇ ಮೂಸಂಬಿ ಗಾತ್ರದ ಐದಾರು ಉಂಡೆ. ರೋಚ್‌ಗೆ ಎರಡು ಸಾಕು. ಆಮೇಲೆ ಪ್ರತಿ ಸಲ ಗಾಳ ಹಾಕುವಾಗ ಹತ್ತು ಹನ್ನೆರಡು ಹುಳು ಅಥವಾ ಒಂದು ಚಿಟಿಕೆ ಹೆಂಪ್ ಕಾಳು (ಭಂಗಿ ಜಾತಿಯ ಗಿಡದ ಬೀಜ). ತಪ್ಪದೆ, ಪ್ರತಿ ಸಲವೂ. ಮೀನು ಕಚ್ಚದಿದ್ದರೂ ಹಾಕಿ. ಅರ್ಧ ಗಂಟೆ ಸುಮ್ನೆ ಕೂತು, ಆಮೇಲೆ ಒಂದೇ ಸಲ ಡಬ್ಬಿ ಸುರಿಯುವುದರಿಂದ ಏನೂ ಪ್ರಯೋಜನವಿಲ್ಲ.

ಈಗ ಮುಖ್ಯ ವಿಷಯ. ಬಿಡಿ ಹುಳು ಹತ್ತು ಅಡಿ ನೀರಿನಲ್ಲಿ ತಳ ಮುಟ್ಟಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ನಿಧಾನ ಹರಿವೂ ಅದನ್ನು ಮೀಟರುಗಟ್ಟಲೆ ಕೆಳಗೆ ಒಯ್ದಿರುತ್ತದೆ. ಉಂಡೆ ಹಾಗಲ್ಲ, ಹೆಚ್ಚುಕಮ್ಮಿ ಬಿದ್ದಲ್ಲೇ ಇಳಿಯುತ್ತದೆ. ಹಾಗಾಗಿ ಉಂಡೆಯನ್ನು ನಿಮ್ಮ ಎದುರಿಗೆ ಹಾಕಿ, ಬಿಡಿ ಹುಳುವನ್ನು ಹರಿವಿನ ಮೇಲ್ಭಾಗಕ್ಕೆ, ನಿಮ್ಮಿಂದ ಮೂರ್ನಾಲ್ಕು ಮೀಟರ್ ಮೇಲೆ ಚಿಮ್ಮಿ. ಎರಡೂ ತಳದಲ್ಲಿ ಒಂದೇ ಕಡೆ ಸೇರಬೇಕು, ನಿಮ್ಮ ಗಾಳವೂ ಅಲ್ಲೇ ಹಾಯಬೇಕು. ಎದುರು ದಡದ ಒಂದು ಮರವನ್ನೋ ಮನೆಯ ಚಿಮಣಿಯನ್ನೋ ಗುರುತಿಟ್ಟುಕೊಂಡು, ಇಡೀ ದಿನ ಅದೇ ಗುರುತಿಗೆ ಹಾಕಿ.

ಹೆಂಪ್ ಕಾಳನ್ನು ಮನೆಯಲ್ಲೇ ಬೇಯಿಸಿಕೊಳ್ಳಬಹುದು. ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ಕಪ್ಪು ಸಿಪ್ಪೆ ಬಿರಿದು ಒಳಗಿನ ಬಿಳಿ ಮೊಳಕೆ ಇಣುಕಿದ ಕೂಡಲೇ ಇಳಿಸಿ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಗ್ರೌಂಡ್‌ಬೇಟ್ ಕಲಸಲು ಅದಕ್ಕಿಂತ ಒಳ್ಳೆಯದಿಲ್ಲ.

ಹುಳು ಮುಟ್ಟಲು ಮನಸ್ಸಿಲ್ಲದವರು ನಮ್ಮಲ್ಲಿ ಇದ್ದಾರೆ. ಅವರಿಗೂ ದಾರಿ ಇದೆ. ಬ್ರೆಡ್, ಡಬ್ಬಿಯ ಸ್ವೀಟ್ ಕಾರ್ನ್, ಹೆಂಪ್, ಈ ಮೂರರಲ್ಲೇ ಇಡೀ ವರ್ಷ ನಡೆಸಬಹುದು. ಚಳಿಗಾಲದ ರೋಚ್‌ಗಂತೂ ಬಿಳಿ ಬ್ರೆಡ್ಡಿನಿಂದ ಪಂಚ್‌ನಲ್ಲಿ ಒತ್ತಿ ತೆಗೆದ ಪುಟ್ಟ ಚೂರು ಹುಳುವಿಗಿಂತ ಮೇಲು ಅಂತ ನನ್ನ ಅಭಿಪ್ರಾಯ. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಹಿಟ್ಟಿನ ಉಂಡೆಯನ್ನೇ ಗಾಳಕ್ಕೆ ಸಿಕ್ಕಿಸುತ್ತಿದ್ದರು. ಹಿಟ್ಟು, ಕಾಳು ನಂಬಿ ಗಾಳ ಹಾಕುವುದು ನಮಗೆ ಹೊಸದೇನಲ್ಲ.

ಬೆಂಡು ಓಡಿಸುವುದು, ಕಚ್ಚನ್ನು ಓದುವುದು

ಗಾಳ ತಳದಿಂದ ಎತ್ತರದಲ್ಲಿ ತೇಲುವುದಕ್ಕಿಂತ ತಳವನ್ನು ಸವರಿಕೊಂಡು ಹೋದರೆ ಒಳ್ಳೆಯದು. ಅಳತೆ ಮಾಡಿದ ಆಳಕ್ಕಿಂತ ಐದು ಸೆಂಟಿಮೀಟರ್ ಜಾಸ್ತಿ ಬಿಡಿ. ನಿಮ್ಮ ಎದುರಿಗಿಂತ ಸ್ವಲ್ಪ ಮೇಲೆ ಹಾಕಿ, ತೂಕ ಇಳಿದು ಬೆಂಡು ನೆಟ್ಟಗಾದ ಮೇಲೆ ನೀರಿನ ಜೊತೆ ಬಿಡಿ. ರೀಲ್ ತೆರೆದಿಟ್ಟು, ಬೆರಳಲ್ಲಿ ತಡೆಯುತ್ತಾ ಲೈನ್ ಬಿಡಬೇಕು. ಮೇಲಿನ ನೀರು ತಳದ ನೀರಿಗಿಂತ ವೇಗ. ಬೆಂಡನ್ನು ಹಾಗೇ ಬಿಟ್ಟರೆ ಅದು ಗಾಳವನ್ನು ಎಳೆದುಕೊಂಡು ಹೋಗುತ್ತದೆ, ಮೀನಿಗೆ ಅನುಮಾನ ಬರುತ್ತದೆ. ಆಗಾಗ ಬೆರಳಿಟ್ಟು ತಡೆದರೆ ಗಾಳ ಮುಂದೆ, ಬೆಂಡು ಹಿಂದೆ ಆಗುತ್ತದೆ. ಲೈನ್ ಬಿಲ್ಲಾದರೆ ರಾಡ್ ತುದಿಯಿಂದ ಮೆಲ್ಲಗೆ ಎತ್ತಿ, ಹರಿವಿನ ಮೇಲ್ಭಾಗಕ್ಕೆ ಮಗುಚಿ ಹಾಕಿ. ಬೆಂಡು ಅಲುಗಬಾರದು.

ಬೆಂಡು ಮುಳುಗಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಮುಳುಗದ ಕಚ್ಚುಗಳನ್ನು ನೋಡಲು ಕಲಿಯಬೇಕು. ಬೆಂಡು ನೆಟ್ಟಗಾಗಲು ಎಂದಿಗಿಂತ ತಡ ಮಾಡಿತು ಅಂದರೆ ಇಳಿಯುವ ಹುಳುವನ್ನು ಯಾವುದೋ ಮೀನು ಹಿಡಿದಿದೆ. ಬೆಂಡು ಮೇಲೆದ್ದು ಮಲಗಿತು ಅಂದರೆ ಬ್ರೀಮ್ ತಳದಿಂದ ಗಾಳ ಎತ್ತಿ ಶಾಟ್‌ನ ತೂಕ ಹೊತ್ತಿದೆ. ಪ್ರತಿ ಸಲ ಒಂದೇ ಜಾಗಕ್ಕೆ ಬಂದಾಗ ಬೆಂಡು ಮುಳುಗಿ, ಎಳೆದರೆ ಏನೂ ಇಲ್ಲ ಅಂದರೆ ಅದು ಮೀನಲ್ಲ, ತಳದ ಏರು. ಎರಡು ಸೆಂಟಿಮೀಟರ್ ಆಳ ಕಡಿಮೆ ಮಾಡಿ.

ಬರಿಗೈಲಿ ಬಂದ ಗಾಳದ ಹುಳುವನ್ನು ನೋಡಿ ಬಿಸಾಡಿ. ಚಪ್ಪಟೆಯಾಗಿ ಬರೀ ಚರ್ಮ ಉಳಿದಿದ್ದರೆ ಮೀನು ಹಿಂಡಿ ಉಗಿದಿದೆ, ನೀವು ತಡ ಮಾಡಿದ್ದೀರಿ. ಕೆಳಗಿನ ಶಾಟ್ ಗಾಳಕ್ಕೆ ಇನ್ನೂ ಹತ್ತಿರ ತನ್ನಿ. ಹುಳು ಹಾಗೇ ಜೀವಂತ ಇದ್ದರೆ ಮೀನು ಅಲ್ಲಿಲ್ಲ, ಇಲ್ಲವೇ ಆಳ ತಪ್ಪಿದೆ.

ಎಳೆಯುವಾಗ ಜಗ್ಗಬೇಡಿ. ಆಳ ನೀರಿನಲ್ಲಿ ಲೈನ್ ಹಿಗ್ಗುವುದರಿಂದ ಗಿಡ್ಡ ಏಟು ಗಾಳದವರೆಗೆ ಮುಟ್ಟುವುದಿಲ್ಲ. ರಾಡನ್ನು ಉದ್ದಕ್ಕೆ, ಒಂದೇ ಸಮನೆ ಮೇಲಕ್ಕೆತ್ತಿ. ಕಚ್ಚು ನಿಂತುಹೋದರೆ ಒಂದು ಹತ್ತು ನಿಮಿಷ ಬೆಂಡನ್ನು ಜಾಗದ ಕೊನೆಯವರೆಗೆ ಓಡಿಸಿ. ರೋಚ್‌ಗಳು ಹೆದರಿ ಕೆಳಗೆ ಸರಿದು ನಿಂತಿರುತ್ತವೆ. ಎಲ್ಲ ಮೀನೂ ಒಮ್ಮೆಗೇ ಮಾಯವಾದರೆ ಪೈಕ್ ಬಂದಿದೆ ಅಂದುಕೊಳ್ಳಿ.

ನಡುನೀರಿಗೆ ಫೀಡರ್

ಬ್ರೀಮ್ ಎಷ್ಟೋ ಸಲ ಬೆಂಡು ಮುಟ್ಟದ ದೂರದಲ್ಲಿ, ನದಿಯ ನಡುವಿನಲ್ಲಿರುತ್ತದೆ. ಅದಕ್ಕೆ 12 ಅಡಿಯ ಫೀಡರ್ ರಾಡ್ ಬೇಕು, ತುದಿ ತೆಳ್ಳಗೆ ಬಾಗುವಂಥದ್ದು. 20ರಿಂದ 30 ಗ್ರಾಂ ತೂಕದ ಜಾಲರಿ ಬುಟ್ಟಿಗೆ ಗ್ರೌಂಡ್‌ಬೇಟ್ ತುಂಬಿ, ಅದರಿಂದ 50ರಿಂದ 75 ಸೆಂಟಿಮೀಟರ್ ಆಚೆ ಗಾಳ. ಎದುರು ದಡದ ಗುರುತಿಗೆ ಎಸೆದು, ತಳ ಮುಟ್ಟಿದ ಮೇಲೆ ರೀಲಿನ ಕ್ಲಿಪ್‌ಗೆ ಲೈನ್ ಸಿಕ್ಕಿಸಿ. ಮುಂದಿನ ಎಸೆತವೆಲ್ಲ ಅದೇ ದೂರಕ್ಕೆ ನಿಲ್ಲುತ್ತದೆ. ದೊಡ್ಡ ಮೀನು ಓಡಿದರೆ ಕ್ಲಿಪ್‌ನಿಂದ ತಕ್ಷಣ ಬಿಡಿಸಲು ಬೆರಳು ಸಿದ್ಧವಿರಲಿ.

ಎಸೆದ ಕೂಡಲೇ ಲೈನ್ ಬಿಗಿ ಮಾಡಬೇಡಿ. ನೀರಿನಲ್ಲಿ ಸಣ್ಣ ಬಿಲ್ಲು ಬಿಟ್ಟರೆ ಬುಟ್ಟಿ ಜಾರದೆ ನಿಲ್ಲುತ್ತದೆ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ಎತ್ತಿ ಎಸೆಯಿರಿ, ತಳದಲ್ಲಿ ಊಟ ಹರಡಲಿ. ಆಮೇಲೆ ಹದಿನೈದು ನಿಮಿಷದವರೆಗೂ ಬಿಡಬಹುದು. ತುದಿ ಸುಮ್ನೆ ಒಂದು ಸಲ ಮಿಡುಕಿದರೆ ಅದು ಲೈನಿಗೆ ತಾಗಿದ ಮೀನು. ಕಾಯಿರಿ. ತುದಿ ಬಾಗಿ ಹಾಗೇ ನಿಂತರೆ, ಅಥವಾ ಬಿಗಿಯಾಗಿದ್ದದ್ದು ಸಡಿಲವಾಗಿ ನೆಟ್ಟಗಾದರೆ ಎತ್ತಿ.

ಕಾಲಕ್ಕೆ ತಕ್ಕ ಹಾಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗು, ಸಂಜೆ. ಅಕ್ಟೋಬರ್‌ನಲ್ಲಿ ಹಗಲಿಡೀ ಚೆನ್ನ, ದೋಣಿಗಳೂ ಕಡಿಮೆ. ನನ್ನ ಕೇಳಿದರೆ ವರ್ಷದ ಒಳ್ಳೆಯ ತಿಂಗಳು ಅದೇ. ಚಳಿಗಾಲದಲ್ಲಿ ತಣ್ಣೀರಿಗಿಂತ ನೀರಿನ ಬಿಸಿ ದಿಢೀರನೆ ಇಳಿಯುವುದು ಕೆಟ್ಟದ್ದು. ನಾಲ್ಕು ದಿನ ಒಂದೇ ಥರ ಚಳಿ ಇದ್ದರೆ ರೋಚ್ ಕಚ್ಚುತ್ತದೆ, ನಿನ್ನೆ ಬೆಚ್ಚಗಿದ್ದು ರಾತ್ರಿ ಹಿಮ ಬಿದ್ದರೆ ಕಚ್ಚುವುದಿಲ್ಲ. ಚಳಿಯಲ್ಲಿ ಮೇವು ಕಾಲು ಭಾಗಕ್ಕೆ ಇಳಿಸಿ. ಮಳೆ ಬಂದು ನೀರು ಕಂದಾಗಿ ಓಡುತ್ತಿದ್ದರೆ ನಡುನೀರು ಬಿಟ್ಟು ದಡದ ಮಗ್ಗುಲಿನ ನಿಂತ ನೀರಿಗೆ ಎರೆಹುಳು ಹಾಕಿ. ಲಾಕ್‌ಗಳಲ್ಲಿ ಹರಿವಿನ ಎಚ್ಚರಿಕೆಗೆ ಹಳದಿ, ಕೆಂಪು ಬೋರ್ಡ್ ಹಾಕುತ್ತಾರೆ. ಅವು ದೋಣಿಯವರಿಗೆ ಹೇಳುವ ಮಾತು, ಆದರೆ ಕೆಂಪು ಕಂಡ ದಿನ ನೀವೂ ಮನೆಯಲ್ಲೇ ಇರಿ.

ಮೀನು ಕೈಗೆ ಬಂದ ಮೇಲೆ

ಬಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಮೀನನ್ನು ಅದರ ಮೇಲಕ್ಕೆ ತನ್ನಿ. ಬಲೆಯಿಂದ ಮೀನನ್ನು ಬೆನ್ನಟ್ಟಬೇಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈ ಮೈಯ ಲೋಳೆ ಕಿತ್ತು ತೆಗೆಯುತ್ತದೆ. ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಡಿಸ್ಗಾರ್ಜರನ್ನು ಲೈನಿಗೆ ಸಿಕ್ಕಿಸಿ, ಗಾಳದವರೆಗೆ ಜಾರಿಸಿ, ಒಳಕ್ಕೆ ಮೆಲ್ಲಗೆ ಒತ್ತಿದರೆ ಬಿಡುತ್ತದೆ. ಬಾರ್ಬೆಲ್ ಸಿಕ್ಕರೆ ಕೂಡಿಹಾಕುವ ಬಲೆಗೆ ಹಾಕಬೇಡಿ. ಸುಸ್ತಾಗಿರುತ್ತದೆ. ಹರಿವಿಗೆ ಮುಖ ಮಾಡಿ ನೀರಿನಲ್ಲಿ ಹಿಡಿದಿರಿ, ಅದು ತಾನಾಗಿ ಒದ್ದು ಹೋಗುವವರೆಗೆ ಬಿಡಬೇಡಿ.

ಪೈಕ್‌ನ ಹಲ್ಲು ಸಾಮಾನ್ಯ ಲೈನನ್ನು ಕತ್ತರಿಸುತ್ತದೆ. ತಂತಿಯ ಟ್ರೇಸ್ (ಗಾಳಕ್ಕೂ ಲೈನಿಗೂ ನಡುವಿನ ತಂತಿ ತುಂಡು), ಉದ್ದ ಇಕ್ಕುಳ, ಹಾಸಲು ಮ್ಯಾಟ್ ಇಲ್ಲದೆ ಅದಕ್ಕೆಂದು ಗಾಳ ಹಾಕಬೇಡಿ. ತಂತಿ ಇಲ್ಲದಿದ್ದರೆ ಗಾಳ ಬಾಯಲ್ಲೇ ಉಳಿದು ಮೀನು ನರಳುತ್ತದೆ. ಗೊತ್ತಿದ್ದವರ ಜೊತೆ ಹೋಗಿ ಕಲಿಯಿರಿ.

ಊರಿಂದ ಬಂದವರು ಕೇಳುವ ಮೊದಲ ಪ್ರಶ್ನೆ, ಸಾರಿಗೆ ಆಗುತ್ತಾ ಅಂತ. ಕಾನೂನಿನ ಪ್ರಕಾರ ದಿನಕ್ಕೆ 65 ಸೆಂಟಿಮೀಟರ್‌ವರೆಗಿನ ಒಂದು ಪೈಕ್, 20 ಸೆಂಟಿಮೀಟರ್‌ವರೆಗಿನ ಹದಿನೈದು ಸಣ್ಣ ಮೀನು ಇಟ್ಟುಕೊಳ್ಳಬಹುದು, ಅದೂ ದಡದ ಹಕ್ಕಿರುವವರು ಒಪ್ಪಿದರೆ ಮಾತ್ರ. ಒಪ್ಪಿಗೆ ಇಲ್ಲದೆ ಒಯ್ದರೆ ಅದು ಕಳ್ಳತನ. ಹೆಚ್ಚಿನ ಕ್ಲಬ್‌ಗಳು ಒಪ್ಪುವುದಿಲ್ಲ. ಈಲ್ ಅಂದರೆ ಹಾವುಮೀನನ್ನು ಬಿಡಲೇಬೇಕು. ದಯವಿಟ್ಟು ಎಲ್ಲವನ್ನೂ ಬಿಡಿ. ಬ್ರೀಮ್, ರೋಚ್ ತುಂಬಾ ಮುಳ್ಳಿನ ಮೀನುಗಳು, ಸಾರಿಗೆ ಒಳ್ಳೆ ಬಂಗಡೆ ಲಂಡನ್ ಮಾರುಕಟ್ಟೆಯಲ್ಲೇ ಸಿಗುತ್ತದೆ. ಈ ಬಣ್ಣದವರು ಬಂದರೆ ಮೀನು ಹೊತ್ತೊಯ್ಯುತ್ತಾರೆ ಅನ್ನುವ ಸಂಶಯದ ಕಣ್ಣು ದಡದಲ್ಲಿ ಕೆಲವೊಮ್ಮೆ ಬೀಳುತ್ತದೆ. ಮೀನನ್ನು ಜೋಪಾನವಾಗಿ ನೀರಿಗೆ ಬಿಡುವುದನ್ನು ನೋಡಿದ ಮೇಲೆ ಅದೇ ಜನ ಪಕ್ಕಕ್ಕೆ ಬಂದು ಮಾತಾಡಿಸುತ್ತಾರೆ, ತಮ್ಮ ಗುಟ್ಟಿನ ಜಾಗವನ್ನೂ ಹೇಳುತ್ತಾರೆ.

ಜೀವಕ್ಕೆ ಜೋಪಾನ

ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತದೆ. ಮೇಲೆ ವಿದ್ಯುತ್ ತಂತಿ ಇದ್ದರೆ ಅಲ್ಲಿಂದ 30 ಮೀಟರ್ ದೂರ ಕೂರಿ. ದಡ ಕಡಿದಾಗಿರುವಲ್ಲಿ ನೀರಿಗೆ ಕಾಲಿಡಬೇಡಿ, ಮಕ್ಕಳಿದ್ದರೆ ಲೈಫ್ ಜಾಕೆಟ್ ಹಾಕಿಸಿ. ಬಿಸಿಲಿದ್ದರೂ ನೀರು ಮರಗಟ್ಟಿಸುವಷ್ಟು ತಣ್ಣಗಿರಬಹುದು.

ನಮ್ಮೂರ ಗದ್ದೆ ಕೆಲಸದವರಿಗೆ ಬರುವ ಇಲಿ ಜ್ವರ ಇಲ್ಲೂ ಇದೆ. ಇಲಿಯ ಮೂತ್ರ ಬೆರೆತ ನೀರು ಕೈಯ ಗಾಯದಿಂದ ಮೈಗೆ ಸೇರುತ್ತದೆ. ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿ, ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ನದಿ ದಡದಲ್ಲಿ ಕೂತಿದ್ದೆ ಅಂತ ಮರೆಯದೆ ಹೇಳಿ.

ಹೊರಡುವಾಗ ತುಂಡು ಲೈನ್ ಒಂದಿಂಚೂ ಬಿಡಬೇಡಿ, ಹಂಸ, ಬಾತುಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಬಲೆ, ಮ್ಯಾಟ್, ಬೂಟು ತೊಳೆದು ಪೂರ್ತಿ ಒಣಗಿಸಿ. ಒದ್ದೆ ಬಲೆಯಲ್ಲಿ ಒಂದು ನೀರಿನ ಕಳೆ, ರೋಗ ಇನ್ನೊಂದು ನೀರಿಗೆ ದಾಟುತ್ತದೆ. ಉಳಿದ ಹುಳುವಿನ ಡಬ್ಬಿಗೆ ತೂತಿರುವ ಮುಚ್ಚಳ ಹಾಕಿ ತಂಪು ಜಾಗದಲ್ಲಿಟ್ಟರೆ ಮುಂದಿನ ವಾರಾಂತ್ಯಕ್ಕೆ ಆಗುತ್ತದೆ.